ಅರುವತ್ತರ ಚರ್ಮದ ಮೇಲೆ ಇಪ್ಪತ್ತರ ಹಚ್ಚೆ

ಹಚ್ಚೆ ಹಾಕುವ ಅಂಗಡಿಯ ಗೋಡೆಯಲ್ಲಿ, ಅವರ ಇನ್‌ಸ್ಟಾಗ್ರಾಮ್ ಪುಟದಲ್ಲಿ ನೀವು ನೋಡುವ ಚಿತ್ರಗಳಿಗೆಲ್ಲ ಒಂದೇ ವಯಸ್ಸು: ಸೂಜಿ ಕೆಳಗಿಟ್ಟು ಹತ್ತು ನಿಮಿಷ. ಆಗ ಚರ್ಮ ಊದಿಕೊಂಡು ಬಿಗಿಯಾಗಿರುತ್ತದೆ, ಮೇಲೆ ಮುಲಾಮು ಹೊಳೆಯುತ್ತಿರುತ್ತದೆ. ಹೊರಚರ್ಮದಲ್ಲಿ ಸಿಕ್ಕಿಕೊಂಡ ಶಾಯಿಯೂ ಸೇರಿ ಬಣ್ಣ ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತದೆ. ಆ ಹೊರಚರ್ಮ ನಾಲ್ಕರಿಂದ ಆರು ವಾರದೊಳಗೆ ಉದುರಿಹೋಗುತ್ತದೆ. ಅದೇ ಚಿತ್ರ ಹತ್ತು ವರ್ಷಕ್ಕೆ, ಇಪ್ಪತ್ತೈದು ವರ್ಷಕ್ಕೆ ಹೇಗಿರುತ್ತದೆ ಎಂದು ತೋರಿಸುವ ಫೋಟೊ ಉಂಟಾ ಎಂದು ಕೇಳಿ ನೋಡಿ. ಹಳೆಯ ಕೆಲಸಗಾರರಲ್ಲಿ ಇರುತ್ತದೆ, ಕೇಳದೆ ತೋರಿಸುವವರು ಕಡಿಮೆ.

ಈ ಸಭೆಯಲ್ಲಿ ಕಾಲೇಜಿನ ಮಕ್ಕಳಿದ್ದೀರಿ, ಅವರ ಅಜ್ಜಿಯಂದಿರ ಪ್ರಾಯದವರೂ ಇದ್ದೀರಿ. ಮಕ್ಕಳು ಹಚ್ಚೆಯ ವಿಷಯ ಕೇಳಲು ಬಂದಿರಬಹುದು, ಹಿರಿಯರು ಜೋತುಬಿದ್ದ ಕಿವಿಯ ತೂತಿನ ವಿಷಯ ಕೇಳಲು. ಎರಡರ ಹಿಂದೆ ಇರುವ ಸಂಗತಿ ಒಂದೇ. ಕಪ್ಪು ಶಾಯಿ ಹಾಳಾಗುವುದು ಕಡಿಮೆ, ಚಿನ್ನ ಹಾಳಾಗುವುದೇ ಇಲ್ಲ. ಬದಲಾಗುವುದು ಅವನ್ನು ಹೊತ್ತಿರುವ ಚರ್ಮ. ಹಾಗಾಗಿ ಯಾವ ಚಿತ್ರ, ಎಷ್ಟು ರೂಪಾಯಿ ಎಂದು ಕೇಳುವ ಮೊದಲು ದೇಹದ ಯಾವ ಜಾಗ, ಎಷ್ಟು ದೊಡ್ಡದು, ಕಿವಿಯಾದರೆ ಎಷ್ಟು ಗ್ರಾಂ ಎಂದು ಕೇಳಿಕೊಳ್ಳಬೇಕು.

ಚರ್ಮದಲ್ಲಿ ಮುಖ್ಯವಾಗಿ ಎರಡು ಪದರ ಎಂದು ಇಟ್ಟುಕೊಳ್ಳಿ. ಹೊರಚರ್ಮ ದೇಹದ ಹೆಚ್ಚಿನ ಕಡೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ ದಪ್ಪ. ಅಂಗೈ, ಅಂಗಾಲಿನಲ್ಲಿ ಅದು ಒಂದೂವರೆ ಮಿಲಿಮೀಟರಿನವರೆಗೂ ಇರುತ್ತದೆ. ಅದರ ಕೆಳಗಿನದ್ದು ಒಳಚರ್ಮ, ಕೊಲಾಜೆನ್ ನಾರುಗಳ ಹೆಣಿಗೆ. ಹಚ್ಚೆಯ ಸೂಜಿ ಒಂದರಿಂದ ಎರಡು ಮಿಲಿಮೀಟರ್ ಇಳಿದು ಶಾಯಿ ಬಿಡಬೇಕಾದ್ದು ಈ ಒಳಚರ್ಮದ ಮೇಲ್ಭಾಗದಲ್ಲಿ. ಹೊರಚರ್ಮದಲ್ಲೇ ನಿಂತ ಶಾಯಿ ಆ ನಾಲ್ಕರಿಂದ ಆರು ವಾರದೊಳಗೆ ಉದುರುತ್ತದೆ. ಇನ್ನೂ ಕೆಳಗಿಳಿದು ಕೊಬ್ಬಿನ ಪದರ ಮುಟ್ಟಿದರೆ ಅಲ್ಲಿ ಹರಡಿ ಗೆರೆಯ ಸುತ್ತ ನೀಲಿ ಛಾಯೆ ಏಳುತ್ತದೆ. ಕೆಲಸದವರು ಇದನ್ನು ಬ್ಲೋಔಟ್ ಎನ್ನುತ್ತಾರೆ. ಇದು ವಯಸ್ಸಿನ ದೋಷವಲ್ಲ, ಕೈಯ ದೋಷ. ಮೊದಲ ಕೆಲವು ವಾರಗಳಲ್ಲೇ ಗೊತ್ತಾಗುತ್ತದೆ. ಮಣಿಕಟ್ಟಿನ ಒಳಬದಿ, ಪಾದದ ಮೇಲ್ಭಾಗ ಮುಂತಾದ ತೆಳು ಚರ್ಮದ ಜಾಗಗಳಲ್ಲಿ ಹೆಚ್ಚು.

ಸರಿಯಾದ ಆಳಕ್ಕೆ ಬಿದ್ದ ಶಾಯಿ ಅಲ್ಲೇ ನಿಲ್ಲುವುದು ಹೇಗೆ? ಗೋಡೆಗೆ ಬಣ್ಣ ಹಿಡಿದ ಹಾಗೆ ಅಂಟಿಕೊಂಡು ಕೂತಿದೆ ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ದೇಹಕ್ಕೆ ಶಾಯಿ ಎಂದರೆ ಹೊರಗಿನಿಂದ ಬಂದ ಕಸ. ಕಸ ನುಂಗುವ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳು ಆ ಕಣಗಳನ್ನು ನುಂಗುತ್ತವೆ, ಕರಗಿಸಲಾಗದೆ ಹೊಟ್ಟೆಯಲ್ಲಿಟ್ಟುಕೊಂಡು ಕೂರುತ್ತವೆ. ಆ ಕೋಶ ಸತ್ತಾಗ ಶಾಯಿ ಹೊರಬೀಳುತ್ತದೆ, ಪಕ್ಕದಲ್ಲಿ ಹೊಸದಾಗಿ ಬಂದ ಕೋಶ ಅದನ್ನೇ ಮತ್ತೆ ನುಂಗುತ್ತದೆ. ಫ್ರಾನ್ಸಿನ ಮಾರ್ಸೇಯ ಸಂಶೋಧಕರು 2018ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿಕೊಟ್ಟರು. ಹೀಗೆ ಕೈಯಿಂದ ಕೈಗೆ ದಾಟುವಾಗ ಪ್ರತಿ ಸಲವೂ ಒಂದಿಷ್ಟು ಕಣ ಅತ್ತಿತ್ತ ಸರಿಯುತ್ತದೆ. ಸಣ್ಣ ಕಣಗಳು ದುಗ್ಧನಾಳಗಳ ಮೂಲಕ ಹರಿದು ಕಂಕುಳಿನ, ತೊಡೆಸಂದಿಯ ಗ್ರಂಥಿಗಳಿಗೆ ಹೋಗಿ ಸೇರುತ್ತವೆ. ಗೆರೆ ಅಗಲವಾಗುವುದು, ಬಣ್ಣ ತಿಳಿಯಾಗುವುದು ಎರಡಕ್ಕೂ ಈ ಓಡಾಟ ದೊಡ್ಡ ಕಾರಣ. ಗ್ರಂಥಿಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಆಸ್ಪತ್ರೆಯಲ್ಲಿ ಅದಕ್ಕೊಂದು ಪರಿಣಾಮ ಉಂಟು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇಯಾನ್ ಏಮ್ಸ್ 2011ರಲ್ಲಿ ಈ ಹರಡುವಿಕೆಯನ್ನು ಗಣಿತದ ಲೆಕ್ಕಕ್ಕೆ ತಂದರು. ಅದರ ಸಾರ ಇಷ್ಟು: ಸಣ್ಣ ವಿವರ ಮೊದಲು ಹೋಗುತ್ತದೆ, ದಪ್ಪ ಗೆರೆ ಉಳಿಯುತ್ತದೆ, ಸೂಕ್ಷ್ಮವಾದ ಕೆಲಸ ಹದಿನೈದು ವರ್ಷಕ್ಕೆ ಮಸುಕಾಗುತ್ತದೆ. ಈಗ ನಿಮ್ಮ ಮನೆಯ ಹಿರಿಯರ ಕೈ ನೆನಪಿಸಿಕೊಳ್ಳಿ. ಘಟ್ಟದ ಮೇಲಿನಿಂದ ಬಂದ ಎಷ್ಟೋ ಅಜ್ಜಿಯಂದಿರ ಮುಂಗೈಯಲ್ಲಿ ದೀಪದ ಮಸಿಯಿಂದ ಹಾಕಿಸಿಕೊಂಡ ಬೊಟ್ಟುಗಳ ಸಾಲು, ರಂಗೋಲಿಯ ಎಳೆ, ತುಳಸಿಕಟ್ಟೆ ಇರುತ್ತದೆ. ಐವತ್ತು ಅರುವತ್ತು ವರ್ಷವಾದರೂ ಏನು ಬರೆದಿದೆ ಎಂದು ಗೊತ್ತಾಗುತ್ತದೆ. ಅದು ಊರೂರು ತಿರುಗುತ್ತಿದ್ದ ಹಚ್ಚೆಯ ಹೆಂಗಸರ ಜಾಣ್ಮೆ. ಬೊಟ್ಟಿಗೂ ಬೊಟ್ಟಿಗೂ ನಡುವೆ ಧಾರಾಳ ಜಾಗ ಬಿಟ್ಟಿದ್ದರು, ಬೊಟ್ಟು ಎರಡು ಪಟ್ಟು ದೊಡ್ಡದಾದರೂ ಪಕ್ಕದ್ದನ್ನು ಮುಟ್ಟಲಿಲ್ಲ. ಮಸಿ ಎಂದರೆ ಇಂಗಾಲ. ಬಿಸಿಲಿಗೂ ಅದು ಸುಲಭದಲ್ಲಿ ಒಡೆಯುವುದಿಲ್ಲ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕಿದ ಓಟ್ಸಿ ಎಂಬ ಮನುಷ್ಯನ ದೇಹ ಸುಮಾರು 5300 ವರ್ಷ ಹಳೆಯದು. ಅದರ ಮೇಲಿನ 61 ಹಚ್ಚೆಗಳು ಇಂದಿಗೂ ಎಣಿಸಲು ಸಿಗುತ್ತವೆ, ಅವೂ ಇಂಗಾಲದ ಗೆರೆಗಳೇ. ಹಿಮ ಕಾಪಾಡಿತು ಎನ್ನಿ, ಆದರೂ ಗೆರೆ ಗೆರೆಯಾಗಿಯೇ ಉಂಟು.

ಕಪ್ಪು ಮಸಿ ಹಳತಾದಾಗ ಹಸಿರು ನೀಲಿಯಾಗಿ ಕಾಣುವುದೇಕೆ ಎಂದು ಹಲವರು ಕೇಳುತ್ತಾರೆ. ಮಸಿ ಬಣ್ಣ ಬದಲಿಸಿಲ್ಲ. ಅದರ ಮೇಲಿರುವ ಚರ್ಮ ಬೆಳಕನ್ನು ಚದುರಿಸುತ್ತದೆ, ನೀಲಿ ಬೆಳಕು ಹೆಚ್ಚು ಚದುರಿ ಕಣ್ಣಿಗೆ ಮರಳುತ್ತದೆ. ಮೈಮೇಲಿನ ರಕ್ತನಾಳ ನೀಲಿಯಾಗಿ ಕಾಣುವುದರಲ್ಲಿ ಇದಕ್ಕೂ ಪಾಲಿದೆ. ಶಾಯಿ ಆಳದಲ್ಲಿದ್ದಷ್ಟೂ ನೀಲಿ ಹೆಚ್ಚು.

ಈಗಿನ ಹುಡುಗರು ನಮ್ಮ ಕಡೆ ಹಾಕಿಸಿಕೊಳ್ಳುವುದು ಏನೇನು? ತೆಯ್ಯಂ ಎಂಬ ದೈವವೇಷದ ಮುಖ, ಯಕ್ಷಗಾನದ ಕಿರೀಟವೇಷ, ಅಪ್ಪ ಅಮ್ಮನ ಹೆಸರು, ಮಗುವಿನ ಜನ್ಮದಿನ. ತೆಯ್ಯಂನ ಮುಖವನ್ನೇ ತೆಗೆದುಕೊಳ್ಳಿ. ಅದರ ಚೆಲುವೆಲ್ಲ ಕಣ್ಣಿನ ಸುತ್ತ ಎಳೆದ ಕೂದಲೆಳೆಯಂಥ ಗೆರೆಗಳಲ್ಲಿ, ಕೆಂಪು ಕಿತ್ತಳೆ ಬಣ್ಣದಲ್ಲಿ ಇರುವುದು. ಅಂಗೈ ಅಗಲಕ್ಕೆ ಅದನ್ನು ಇಳಿಸಿದರೆ ಗೆರೆಗಳ ನಡುವೆ ಒಂದು ಮಿಲಿಮೀಟರ್ ಜಾಗವೂ ಉಳಿಯುವುದಿಲ್ಲ. ಹದಿನೈದು ವರ್ಷದ ಹೊತ್ತಿಗೆ ಕಣ್ಣಿನ ಸುತ್ತ ಒಂದು ಕಪ್ಪು ಮುದ್ದೆ, ಕೆಂಪು ಇದ್ದಲ್ಲಿ ಕಂದು. ಅದನ್ನು ಹಾಕಿಸಲೇಬೇಕೆಂದಿದ್ದರೆ ಹೊರತೋಳಿನ ಅಥವಾ ಬೆನ್ನಿನ ಮೇಲ್ಭಾಗದ ಅಗಲ ಜಾಗದಲ್ಲಿ, ಒಂದು ಗೇಣಿಗೆ ಕಡಿಮೆ ಇಲ್ಲದ ಹಾಗೆ ಹಾಕಿಸಿ. ಗೆರೆಯ ದಪ್ಪದ ಮೂರು ಪಟ್ಟಾದರೂ ಎರಡು ಗೆರೆಗಳ ನಡುವೆ ಖಾಲಿ ಚರ್ಮ ಇರಬೇಕು ಎಂಬುದು ಒಳ್ಳೆಯ ಅಳತೆ.

ಅಕ್ಷರಗಳಲ್ಲಿ ಕನ್ನಡಕ್ಕೂ ಮಲಯಾಳಕ್ಕೂ ಇಂಗ್ಲಿಷಿಗಿಲ್ಲದ ಒಂದು ತೊಂದರೆ ಉಂಟು. ನಮ್ಮ ಲಿಪಿಗಳು ದುಂಡಗೆ, ಹೊಟ್ಟೆಯೊಳಗೆ ಸಣ್ಣ ಸಣ್ಣ ಖಾಲಿ ಜಾಗ ಇಟ್ಟುಕೊಂಡವು. ಗೆರೆ ಅಗಲವಾದಂತೆ ಮೊದಲು ಮುಚ್ಚಿಹೋಗುವುದು ಆ ಹೊಟ್ಟೆಗಳೇ. ಸೊನ್ನೆ ತುಂಬಿ ಬೊಟ್ಟಾಗುತ್ತದೆ. ‘ಥ’ದ ಒಳಗಿನ ಬೊಟ್ಟು, ‘ಧ’ದ ಕೆಳಗಿನ ಸೀಳು ಮುಚ್ಚಿದರೆ ಎರಡೂ ‘ದ’ದ ಹಾಗೆಯೇ. ‘ಷ’ದ ಹೊಟ್ಟೆಯ ಗೆರೆ ಕಲಸಿದರೆ ಅದು ‘ಪ’ವೇ ‘ಷ’ವೇ ಗೊತ್ತಾಗದು. ಒತ್ತಕ್ಷರಗಳ ಪಾಡಂತೂ ಕೇಳುವುದೇ ಬೇಡ, ಮುಖ್ಯ ಅಕ್ಷರದ ಅರ್ಧ ಅಳತೆಯಲ್ಲಿ ಕೆಳಗೆ ಕೂತಿರುತ್ತವಲ್ಲ. ‘ಲಕ್ಷ್ಮೀ’ ಎಂಬ ಹೆಸರನ್ನು ಮಣಿಕಟ್ಟಿನ ಮೇಲೆ ಅರ್ಧ ಸೆಂಟಿಮೀಟರ್ ಎತ್ತರದಲ್ಲಿ ಬರೆಸಿದರೆ ಹತ್ತು ವರ್ಷಕ್ಕೆ ಓದಲು ಬರುವುದು ‘ಲ’ ಒಂದೇ. ಅಕ್ಷರದ ಎತ್ತರ ಒಂದೂವರೆ ಸೆಂಟಿಮೀಟರ್ ಇರಲಿ, ಒಳಗಿನ ಅತಿ ಸಣ್ಣ ಖಾಲಿ ಜಾಗವೂ ಮೂರು ಮಿಲಿಮೀಟರಿಗೆ ಕಡಿಮೆ ಬೇಡ. ಇನ್ನೊಂದು, ಕಂಪ್ಯೂಟರಿನಿಂದ ಅಚ್ಚು ತೆಗೆಯುವಾಗ ಫಾಂಟ್ ಒಡೆದು ಒತ್ತಕ್ಷರ ಪಕ್ಕಕ್ಕೆ ಬಂದು ಕೂರುತ್ತದೆ. ಅಂಗಡಿಯವರಿಗೆ ಕನ್ನಡ ಬಾರದಿದ್ದರೆ ಅದು ಹಾಗೆಯೇ ಮೈಮೇಲೆ ಇಳಿಯುತ್ತದೆ. ಕಾಸರಗೋಡಿನಂಥ ಊರಿನಲ್ಲಿ ಇದು ಕಲ್ಪನೆಯ ಮಾತಲ್ಲ. ಸೂಜಿ ಮುಟ್ಟುವ ಮೊದಲು ಕನ್ನಡ ಬಲ್ಲ ಇನ್ನೊಬ್ಬರಿಂದ ಓದಿಸಿ.

ಬಣ್ಣಗಳ ಮಾತು. ಶಾಯಿ ಇರುವುದು ಒಳಚರ್ಮದಲ್ಲಿ, ನಮ್ಮ ಮೈಬಣ್ಣದ ಮೆಲನಿನ್ ಇರುವುದು ಅದರ ಮೇಲಿನ ಹೊರಚರ್ಮದಲ್ಲಿ. ಅಂದರೆ ಪ್ರತಿ ಬಣ್ಣವನ್ನೂ ನಾವು ಕಂದು ಗಾಜಿನ ಮೂಲಕ ನೋಡುತ್ತೇವೆ. ಬಿಳಿ ಶಾಯಿ ಎರಡು ಮೂರು ವರ್ಷಕ್ಕೆ ಹಳದಿಗಟ್ಟಿ ಹಳೆಯ ಗಾಯದ ಕಲೆಯಂತೆ ಕಾಣುತ್ತದೆ, ಹಳದಿ, ತಿಳಿಗುಲಾಬಿ ಕಾಣೆಯಾಗುತ್ತವೆ. ಕೆಂಪು, ಹಳದಿ ಶಾಯಿಗಳಲ್ಲಿ ಬಹಳಷ್ಟು ಅಜೋ ವರ್ಗದ ರಾಸಾಯನಿಕಗಳು. ಸೂರ್ಯನ ನೇರಳಾತೀತ ಕಿರಣ ಇವನ್ನು ಒಡೆಯುತ್ತದೆ. ಅಲರ್ಜಿಯ ಗಂಟು, ತುರಿಕೆ ಹೆಚ್ಚಾಗಿ ಕಾಣಿಸುವುದೂ ಕೆಂಪಿನಲ್ಲೇ, ಅದೂ ಕೆಲವೊಮ್ಮೆ ವರ್ಷಗಳ ನಂತರ. ನಮ್ಮ ಮೈಗೆ, ನಮ್ಮ ಬಿಸಿಲಿಗೆ ಕಪ್ಪೇ ಬಾಳಿಕೆ ಬರುವ ಬಣ್ಣ.

ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿ ಎಂದು ಎಲ್ಲರೂ ಹೇಳುತ್ತಾರೆ. ಹಚ್ಚಿ, ಎಸ್‌ಪಿಎಫ್ 30 ಅಥವಾ ಹೆಚ್ಚಿನದ್ದು, ಒಂದು ಕೈಗೆ 3 ಮಿ.ಲೀ., ಅಂದರೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ, ಎರಡು ಗಂಟೆಗೊಮ್ಮೆ. ಆದರೆ ತೋಟದ ಕೆಲಸ, ದೋಣಿಯ ಕೆಲಸ ಮಾಡುವವರಿಗೆ ಏಪ್ರಿಲ್ ತಿಂಗಳ ಬೆವರಿನಲ್ಲಿ ಅದು ಅರ್ಧ ಗಂಟೆ ನಿಲ್ಲುವುದೂ ಕಷ್ಟ. ತುಂಬು ತೋಳಿನ ಹತ್ತಿಯ ಅಂಗಿಗೆ ಖರ್ಚು ಕಡಿಮೆ, ಕೆಲಸ ಹೆಚ್ಚು. ಲಾರಿ, ಕಾರು ಓಡಿಸುವವರು ಬಲಗೈಯ ಹೊರಬದಿಯನ್ನು ಹಚ್ಚೆಗೆ ಆರಿಸದಿರುವುದು ಒಳ್ಳೆಯದು. ದಿನವಿಡೀ ಕಿಟಕಿಯ ಬಿಸಿಲು ಬೀಳುವ ಕೈ ಅದು.

ಇನ್ನು ಜಾಗ. ಇಪ್ಪತ್ತು ಚಿಲ್ಲರೆ ವರ್ಷ ದಾಟಿದ ಮೇಲೆ ಒಳಚರ್ಮದ ಕೊಲಾಜೆನ್ ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿಯುತ್ತಾ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಶೇ. 30ರವರೆಗೂ ಕುಸಿಯಬಹುದು. ಚರ್ಮ ತೆಳುವಾಗುತ್ತದೆ, ಒಳಗಿನ ಕೊಬ್ಬು ಜಾರುತ್ತದೆ, ನೆರಿಗೆ ಬೀಳುತ್ತದೆ. ಇದು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ಬೆನ್ನಿನ ಮೇಲ್ಭಾಗ, ತೋಳಿನ ಹೊರಬದಿ, ಮುಂಗೈಯ ಒಳಬದಿ, ಮೀನಖಂಡ ಇವು ಹೆಚ್ಚು ಕಾಲ ನೆಟ್ಟಗಿರುತ್ತವೆ. ತೋಳಿನ ಒಳಬದಿ ಅರುವತ್ತಕ್ಕೆ ಜೋಲುತ್ತದೆ. ಹೊಟ್ಟೆಯ ಮೇಲಿನ ಚಿತ್ರ ಬಸುರಿನಲ್ಲಿ ಹಿಗ್ಗುತ್ತದೆ. ಹೆರಿಗೆಯ ನಂತರ ಬಹುಪಾಲು ಮರಳಿ ಕುಗ್ಗಿದರೂ, ಬಸುರಿನ ಬಿಳಿ ಗೆರೆಗಳು ಎದ್ದ ಕಡೆ ಒಳಚರ್ಮವೇ ಹರಿದಿರುವುದರಿಂದ ಗೆರೆ ತುಂಡುತುಂಡಾಗುತ್ತದೆ, ಮೇಲಿನಿಂದ ತುಂಬಿಸಿದರೂ ಶಾಯಿ ಅಲ್ಲಿ ಸಮನಾಗಿ ಕೂರುವುದಿಲ್ಲ. ಜಿಮ್ಮಿಗೆ ಹೋಗಿ ತೋಳು ಸ್ವಲ್ಪ ದಪ್ಪವಾದರೆ ಚಿತ್ರ ಕೆಡುತ್ತದೆ ಎಂಬ ಭಯ ಮಾತ್ರ ಬೇಡ, ನಿಧಾನವಾಗಿ ಬೆಳೆದ ಸ್ನಾಯುವಿಗೆ ಚರ್ಮ ಹೊಂದಿಕೊಳ್ಳುತ್ತದೆ.

ಬೆರಳು, ಅಂಗೈಯ ಅಂಚು, ಪಾದದ ಬದಿ: ಇಲ್ಲಿ ಹಾಕಿಸಿದ್ದು ಎರಡು ಮೂರು ವರ್ಷದಲ್ಲೇ ಅಲ್ಲಲ್ಲಿ ಅಳಿಸಿರುತ್ತದೆ. ಉಜ್ಜಾಟ ಹೆಚ್ಚು, ದಪ್ಪ ಚರ್ಮ ಇದ್ದಲ್ಲಿ ಶಾಯಿ ಸರಿಯಾದ ಆಳ ತಲುಪುವುದಿಲ್ಲ. ಉಂಗುರದ ಬದಲಿಗೆ ಬೆರಳಿಗೆ ಹಚ್ಚೆ ಹಾಕಿಸುವ ನವದಂಪತಿಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಚ್ಚೆಯ ಮೇಲೆ ಯಾವತ್ತೂ ಹಾಕಿಸಬೇಡಿ. ಮಚ್ಚೆ ಬಣ್ಣ, ಅಂಚು ಬದಲಿಸಿದರೆ ವೈದ್ಯರಿಗೆ ಕಾಣಬೇಕು. ಸೇನೆಗೆ ಸೇರುವ ಆಸೆ ಇದ್ದವರಿಗೆ ಒಂದು ಮಾತು: ಭಾರತೀಯ ಸೇನೆಯ ಭರ್ತಿಯಲ್ಲಿ ಶಾಶ್ವತ ಹಚ್ಚೆಗೆ ಒಪ್ಪಿಗೆ ಇರುವುದು ಮುಂಗೈಯ ಒಳಬದಿ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ; ಬುಡಕಟ್ಟಿನವರಿಗೆ ಅವರ ಪದ್ಧತಿಗೆ ತಕ್ಕ ವಿನಾಯಿತಿ ಉಂಟು. ಈ ಎರಡರಲ್ಲಿ ಮುಂಗೈಯ ಒಳಬದಿಯನ್ನೇ ಆರಿಸಿ. ಅಂಗೈಯ ಹಿಂಬದಿ ದೇಹದಲ್ಲಿ ಮೊದಲು ಮುದಿಯಾಗುವ ಜಾಗಗಳಲ್ಲಿ ಒಂದು.

ಬೇಡವಾದರೆ ಲೇಸರಿನಲ್ಲಿ ತೆಗೆಸಬಹುದಲ್ಲ ಎನ್ನುತ್ತೀರಿ. ತೆಗೆಸಬಹುದು, ಆದರೆ ಅಳಿಸುವ ರಬ್ಬರಿನ ಕೆಲಸ ಅಲ್ಲ. ನಮ್ಮ ಮೈಬಣ್ಣಕ್ಕೆ ಸಾಮಾನ್ಯವಾಗಿ ಬಳಸುವುದು ಕ್ಯೂ ಸ್ವಿಚ್ಡ್ ಎನ್‌ಡಿ ಯಾಗ್ ಯಂತ್ರ. ಅದರ ಬೆಳಕಿನ ತರಂಗದ ಉದ್ದ ಕಪ್ಪು ಶಾಯಿಗೆ 1064 ನ್ಯಾನೊಮೀಟರ್, ಕೆಂಪಿಗೆ 532. ಬೆಳಕಿನ ಹೊಡೆತಕ್ಕೆ ಶಾಯಿ ಪುಡಿಯಾಗುತ್ತದೆ, ಪುಡಿಯನ್ನು ಸಾಗಿಸುವುದು ದೇಹವೇ. ಅದಕ್ಕೇ ಎರಡು ಸರದಿಗಳ ನಡುವೆ ಆರರಿಂದ ಎಂಟು ವಾರ ಬಿಡಬೇಕು. ವೃತ್ತಿಪರರು ಒತ್ತಾಗಿ ಹಾಕಿದ ಹಚ್ಚೆಗೆ ಹತ್ತು ಸರದಿ ಬೇಕಾಗುವುದೂ ಉಂಟು. ಅಂದರೆ ಒಂದರಿಂದ ಒಂದೂವರೆ ವರ್ಷ. ಹಸಿರು, ಹಳದಿ ಈ ಯಂತ್ರಕ್ಕೆ ಬಗ್ಗುವುದು ಕಷ್ಟ. ಬಿಳಿ ಶಾಯಿಯ ಟೈಟಾನಿಯಂ ಡೈಆಕ್ಸೈಡ್, ಹುಬ್ಬು ತುಟಿಯ ಸೌಂದರ್ಯ ಹಚ್ಚೆಯ ಕಬ್ಬಿಣದ ಆಕ್ಸೈಡ್ ಲೇಸರ್ ತಾಗಿದ ಕೂಡಲೇ ಕಪ್ಪಾಗುವುದುಂಟು, ಹಾಗಾಗಿ ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿಸಲೇಬೇಕು. ಕಂದು ಚರ್ಮದಲ್ಲಿ ಶಕ್ತಿ ಜಾಸ್ತಿಯಾದರೆ ಮೆಲನಿನ್ ಸುಟ್ಟು ಬಿಳಿ ಕಲೆ ಉಳಿಯುತ್ತದೆ. ಆಗ ಹೆಸರು ಕಪ್ಪಿನ ಬದಲು ಬಿಳಿಯಲ್ಲಿ ಓದಲು ಸಿಗುತ್ತದೆ. ಹಳೆಯದರ ಮೇಲೆ ಹೊಸ ಚಿತ್ರ ಹಾಕಿಸುವುದಾದರೆ ಅದು ಹಳೆಯದರ ಎರಡು ಮೂರು ಪಟ್ಟು ದೊಡ್ಡದೂ ಇನ್ನಷ್ಟು ಕಪ್ಪೂ ಆಗಿರಬೇಕಾಗುತ್ತದೆ. ಎರಡು ಮೂರು ಸರದಿ ಲೇಸರಿನಲ್ಲಿ ತಿಳಿ ಮಾಡಿಸಿ ಆಮೇಲೆ ಮುಚ್ಚಿಸುವುದು ಜಾಣತನ.

ಹಚ್ಚೆ ಬಿಟ್ಟು ಕಿವಿಗೆ ಬರುವ ಮೊದಲು ಮದುವೆ ಮನೆಗಳ ಕಪ್ಪು ಮೆಹಂದಿಯ ಬಗ್ಗೆ ಹೇಳದೆ ಹೋಗಲಾರೆ. ಗೋರಂಟಿ ಕೆಂಪಾಗುತ್ತದೆ, ಕಪ್ಪಾಗುವುದಿಲ್ಲ. ಗಂಟೆಯೊಳಗೆ ಕಪ್ಪಾಗುವ ಕೋನಿನಲ್ಲಿ ಹೆಚ್ಚಾಗಿ ಇರುವುದು ಪಿಪಿಡಿ, ಪ್ಯಾರಾಫಿನಿಲೀನ್ ಡೈಅಮೀನ್, ಕೂದಲಿನ ಡೈಯಲ್ಲಿ ಹಾಕುವ ವಸ್ತು. ಹದಿನೈದರ ಹುಡುಗಿಯ ಕೈಯಲ್ಲಿ ಇದು ಗುಳ್ಳೆ ಎಬ್ಬಿಸಿದರೆ ಗುಳ್ಳೆ ಎರಡು ವಾರದಲ್ಲಿ ಮಾಯುತ್ತದೆ, ಅಲರ್ಜಿ ಮಾತ್ರ ಜೀವಮಾನಕ್ಕೆ ಉಳಿಯುತ್ತದೆ. ನಲುವತ್ತೈದಕ್ಕೆ ಮೊದಲ ಸಲ ನರೆಗೆ ಡೈ ಹಚ್ಚಿದ ದಿನ ಮುಖ, ಕಣ್ಣುರೆಪ್ಪೆ ಊದಿಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತದೆ. ಮೂವತ್ತು ವರ್ಷ ಹಿಂದಿನ ಮದುವೆಯನ್ನು ಆಗ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಈಗ ಕಿವಿ. ಕಿವಿಯ ಹಾಲೆಯಲ್ಲಿ ಮೃದ್ವಸ್ಥಿ ಇಲ್ಲ, ಬರೀ ಚರ್ಮ ಮತ್ತು ಕೊಬ್ಬು. ಏನೂ ಹಾಕದಿದ್ದರೂ ಅದು ಉದ್ದವಾಗುತ್ತದೆ. ಇಂಗ್ಲೆಂಡಿನ ವೈದ್ಯ ಜೇಮ್ಸ್ ಹೀತ್‌ಕೋಟ್ 1995ರಲ್ಲಿ ಮೂವತ್ತು ದಾಟಿದ 206 ಮಂದಿಯ ಕಿವಿ ಅಳೆದು ವರ್ಷಕ್ಕೆ 0.22 ಮಿಲಿಮೀಟರ್ ಬೆಳೆಯುತ್ತದೆ ಎಂದು ಲೆಕ್ಕ ಕೊಟ್ಟರು, ಐವತ್ತು ವರ್ಷಕ್ಕೆ ಒಂದು ಸೆಂಟಿಮೀಟರ್ ಚಿಲ್ಲರೆ. ಅದರ ಮೇಲೆ ಚಿನ್ನದ ಭಾರ. ನಮ್ಮಲ್ಲಿ ಚಿನ್ನದ ಲೆಕ್ಕ ಪವನಿನಲ್ಲಿ, ಒಂದು ಪವನು 8 ಗ್ರಾಂ. ಒಂದು ಪವನಿನ ಜೋಡಿ ಎಂದರೆ ಕಿವಿಗೆ 4 ಗ್ರಾಂ. ಇದು ಮದುವೆಗೆ, ಕೋಲಕ್ಕೆ, ಜಾತ್ರೆಗೆ ಅಡ್ಡಿಯಿಲ್ಲ. ಹಗಲೂ ರಾತ್ರಿ ಹಾಕಲು ಜಾಸ್ತಿ. ದಿನನಿತ್ಯಕ್ಕೆ ಒಂದು ಕಿವಿಗೆ 2 ಗ್ರಾಂ ದಾಟದಿದ್ದರೆ ಒಳ್ಳೆಯದು. ಜುಮುಕಿ ತೂಗಾಡುವುದರಿಂದ ಅದೇ ತೂಕದ ಓಲೆಗಿಂತ ಹೆಚ್ಚು ಎಳೆಯುತ್ತದೆ. ಹಿಂದಿನವರು ಭಾರದ ಜುಮುಕಿಗೆ ಮಾಟಿ ಹಾಕಿ ಕೂದಲಿಗೆ ಸಿಕ್ಕಿಸುತ್ತಿದ್ದದ್ದು ಚಂದಕ್ಕೆ ಮಾತ್ರ ಅಲ್ಲ, ಅರ್ಧ ಭಾರವನ್ನು ತಲೆಗೆ ದಾಟಿಸಲು. ಈಗಿನ ಮಾಟಿಗಳು ಕೆಲವು ಸಡಿಲವಾಗಿ ಜೋತಿರುತ್ತವೆ, ಅವು ಭಾರ ಇಳಿಸುವ ಬದಲು ಸೇರಿಸುತ್ತವೆ. ಮಾಟಿ ಬಿಗಿಯಾಗಿರಬೇಕು.

ತೂತು ಬೀಳುವಾಗಿನ ಎರಡು ತಪ್ಪು ನಲುವತ್ತು ವರ್ಷದ ನಂತರ ಫಲ ಕೊಡುತ್ತವೆ. ಒಂದು, ತೀರಾ ಕೆಳಗೆ ಚುಚ್ಚುವುದು. ದೊಡ್ಡವರಲ್ಲಿ ತೂತಿನ ಕೆಳಗೆ ಕನಿಷ್ಠ 5 ಮಿಲಿಮೀಟರ್ ಹಾಲೆ ಉಳಿಯಬೇಕು. ಮಕ್ಕಳಲ್ಲಿ ಹಾಲೆ ಸಣ್ಣದಾದ್ದರಿಂದ ಮಧ್ಯಕ್ಕೆ, ಅಥವಾ ಕೂದಲೆಳೆಯಷ್ಟು ಮೇಲಕ್ಕೆ. ಎರಡು, ಓರೆಯಾಗಿ ಚುಚ್ಚುವುದು. ಸೂಜಿ ಹಾಲೆಗೆ ನೇರ ಅಡ್ಡಕ್ಕೆ ಹೋಗದಿದ್ದರೆ ಓಲೆ ಜೀವಮಾನವಿಡೀ ನೆಲ ನೋಡುತ್ತದೆ. ಗುರುತು ಹಾಕುವಾಗ ಮಗುವನ್ನು ಮಲಗಿಸದೆ ಮಡಿಲಲ್ಲಿ ನೆಟ್ಟಗೆ ಕೂರಿಸಿ, ಎದುರಿನಿಂದ ಎರಡೂ ಕಿವಿ ಒಟ್ಟಿಗೆ ನೋಡಿ ಪೆನ್ನಿನ ಬೊಟ್ಟು ಇಡಬೇಕು. ಕಿವಿ ಚುಚ್ಚುವ ಶಾಸ್ತ್ರದ ಗಡಿಬಿಡಿಯಲ್ಲಿ, ಮುಹೂರ್ತ ಮೀರುತ್ತದೆ ಎಂಬ ಅವಸರದಲ್ಲಿ ಬಿಟ್ಟುಹೋಗುವುದು ಈ ಎರಡು ನಿಮಿಷದ ಕೆಲಸವೇ.

ಭಾರಕ್ಕೆ ತೂತು ಮೊದಲು ಉದ್ದುದ್ದ ಸೀಳಾಗುತ್ತದೆ. ಸೀಳಿನ ಕೆಳಗೆ 2 ಮಿಲಿಮೀಟರ್ ಚರ್ಮ ಉಳಿದಾಗ ಎಚ್ಚರವಾಗಬೇಕು. ಮೊಮ್ಮಗು ಎಳೆದದ್ದು, ಬೈರಾಸು ಸಿಕ್ಕಿದ್ದು, ಹೆಲ್ಮೆಟ್ಟಿನ ಪಟ್ಟಿ ತಾಗಿದ್ದು, ಅಷ್ಟು ಸಾಕು ಪೂರ್ತಿ ಹರಿಯಲು. ಹರಿಯುವ ಮೊದಲೇ ಹೊಲಿಸಿದರೆ ಕೆಲಸ ಸಣ್ಣದು. ಮರಗಟ್ಟುವ ಚುಚ್ಚುಮದ್ದು ಕೊಟ್ಟು, ತೂತಿನ ಒಳಗೋಡೆಯ ಚರ್ಮವನ್ನು ಕೆತ್ತಿ ತೆಗೆದು, ಹಸಿ ಅಂಚುಗಳನ್ನು ಸಣ್ಣ ನೈಲಾನ್ ದಾರದಿಂದ ಹೊಲಿಯುತ್ತಾರೆ. ಒಳಗೋಡೆ ತೆಗೆಯದೆ ಹೊಲಿದರೆ ಚರ್ಮಕ್ಕೆ ಚರ್ಮ ಕೂಡುವುದಿಲ್ಲ. ಅಂಟು ಹಾಕಿ ಕೂಡಿಸುವ ಅಂಗಡಿ ವೈದ್ಯ ವಿಫಲವಾಗುವುದು ಇದರಿಂದಲೇ. ಹೊಲಿಗೆ ಬಿಚ್ಚುವುದು ಏಳರಿಂದ ಹತ್ತು ದಿನಕ್ಕೆ. ಪೂರ್ತಿ ಹರಿದದ್ದನ್ನು ನೇರ ಗೆರೆಯಲ್ಲಿ ಹೊಲಿದರೆ ಗಾಯ ಕುಗ್ಗುವಾಗ ಹಾಲೆಯ ಅಂಚಿನಲ್ಲಿ ಕಚ್ಚು ಬೀಳುತ್ತದೆ, ಅದಕ್ಕೆ ಅಂಚಿನಲ್ಲಿ ಝಡ್ ಆಕಾರದಲ್ಲಿ ಕತ್ತರಿಸಿ ಹೊಲಿಯುವ ಕ್ರಮ ಉಂಟು. ಮತ್ತೆ ಚುಚ್ಚಲು ಎರಡು ಮೂರು ತಿಂಗಳು ಕಾಯಿರಿ. ಹಳೆಯ ಗಾಯದ ಗೆರೆಯ ಮೇಲೆ ಚುಚ್ಚಬೇಡಿ, ಅದರ ಪಕ್ಕದಲ್ಲಿ ಚುಚ್ಚಿಸಿ. ಗಾಯದ ಚರ್ಮಕ್ಕೆ ಹಳೆಯ ಬಲ ಯಾವತ್ತೂ ಮರಳುವುದಿಲ್ಲ.

ಹರಿದಿಲ್ಲ, ಬರೀ ತೆಳುವಾಗಿ ಓಲೆ ಮುಂದಕ್ಕೆ ಬಾಗುತ್ತದೆ ಎನ್ನುವವರಿಗೆ ಶಸ್ತ್ರಕ್ರಿಯೆ ಬೇಡ. ಹಿಂದಿನ ತಿರುಪಿಗೆ ಒಂದು ಸೆಂಟಿಮೀಟರ್ ಅಗಲದ ತೆಳು ಬಿಲ್ಲೆ ಹಾಕಿಕೊಡಲು ಆಚಾರಿಗೆ ಹೇಳಿ, ಭಾರ ಹಂಚಿಹೋಗುತ್ತದೆ. ರಾತ್ರಿ ಬಿಚ್ಚಿ ಇಡಿ. ಚುಚ್ಚಿ ವರ್ಷ ದಾಟಿದ ತೂತಿನ ಒಳಗೆ ಚರ್ಮವೇ ಹಬ್ಬಿರುತ್ತದೆ, ಒಂದು ರಾತ್ರಿಗೆ ಮುಚ್ಚಿಹೋಗುವುದಿಲ್ಲ. ಆ ಚರ್ಮದಿಂದ ಜಿಡ್ಡು, ಸತ್ತ ಕೋಶ ಬೀಳುವುದರಿಂದಲೇ ಓಲೆಗೆ ವಾಸನೆ ಬರುವುದು. ವಾರಕ್ಕೊಮ್ಮೆ ಸಾಬೂನು ನೀರು ಸಾಕು.

ಕಿವಿಯ ಮೇಲಂಚಿನ ವಿಷಯ ಬೇರೆ. ಬ್ಯಾರಿ ಅಜ್ಜಿಯಂದಿರ ಕಿವಿಯಂಚಿನಲ್ಲಿ ಅಲಿಕತ್ತು ಎಂಬ ಒಡವೆಯ ತೂತುಗಳ ಸಾಲನ್ನು, ನಮ್ಮ ಅಜ್ಜಿಯಂದಿರ ಬುಗುಡಿಯನ್ನು ನೀವೆಲ್ಲ ನೋಡಿದ್ದೀರಿ. ಮೃದ್ವಸ್ಥಿಯ ತೂತು ಜೋಲುವುದಿಲ್ಲ, ಹಾಗಾಗಿ ಎಂಬತ್ತಕ್ಕೂ ಹಾಗೇ ಇರುತ್ತದೆ. ಅಪಾಯ ಇರುವುದು ಮೊದಲ ವರ್ಷದಲ್ಲಿ. ಮೃದ್ವಸ್ಥಿಗೆ ತನ್ನದೇ ರಕ್ತನಾಳ ಇಲ್ಲ, ಮೇಲಿನ ಪೊರೆಯಿಂದ ಆಹಾರ ಸಿಗಬೇಕು. ಅಂಗಡಿಯ ಗನ್ನು ಮೊಂಡು ಮೊಳೆಯನ್ನು ಒತ್ತಿ ನುಗ್ಗಿಸುವಾಗ ಮೃದ್ವಸ್ಥಿ ಜಜ್ಜುತ್ತದೆ, ಪೊರೆ ಬಿಡುತ್ತದೆ, ಒಳಗೆ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಸೇರಿದರೆ ಕೆಲವೇ ದಿನಗಳಲ್ಲಿ ಕಿವಿ ಕೆಂಪಗೆ ಊದುತ್ತದೆ. ಸಾಮಾನ್ಯ ಆ್ಯಂಟಿಬಯಾಟಿಕ್ ಇದಕ್ಕೆ ನಾಟುವುದಿಲ್ಲ. ತಡವಾದರೆ ಕಿವಿಯ ಆಕಾರ ಮುದುಡಿ ಶಾಶ್ವತವಾಗಿ ಹಾಗೇ ಉಳಿಯುತ್ತದೆ. ಮೇಲಂಚಿಗೆ ಗನ್ನು ಬೇಡವೇ ಬೇಡ. ಒಮ್ಮೆ ಬಳಸಿ ಎಸೆಯುವ ಟೊಳ್ಳು ಸೂಜಿ ಬೇಕು, ಆಭರಣ ಟೈಟಾನಿಯಂ ಆದರೆ ಉತ್ತಮ. ಹಾಲೆ ಮಾಯಲು ಆರರಿಂದ ಎಂಟು ವಾರ, ಮೇಲಂಚು ಮಾಯಲು ಆರು ತಿಂಗಳಿಂದ ವರ್ಷ. ತೊಳೆಯಲು ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ 2 ಗ್ರಾಂಗಿಂತ ತುಸು ಹೆಚ್ಚು ಉಪ್ಪು. ಜಾಸ್ತಿ ಹಾಕಿದರೆ ಜಾಸ್ತಿ ಗುಣ ಎಂಬುದಿಲ್ಲ, ಗಾಯ ಒಣಗಿ ಬಿರಿಯುತ್ತದೆ. ಅರಸಿನ, ತೆಂಗಿನೆಣ್ಣೆ ಮೆತ್ತಬೇಡಿ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಮಳೆಯ ತೇವದಲ್ಲಿ ಕೂದಲು ಒಣಗುವುದೇ ಇಲ್ಲ. ಮೇಲಂಚು ಚುಚ್ಚಿಸುವುದಿದ್ದರೆ ಮಳೆ ಮುಗಿಯಲಿ.

ಕೆಲವರಿಗೆ ತೂತಿನ ಜಾಗದಲ್ಲಿ ಗಂಟು ಎದ್ದು ಬೆಳೆಯುತ್ತಾ ಹೋಗುತ್ತದೆ, ಗಾಯದ ಗಡಿ ದಾಟಿ ಗೋಲಿಯಷ್ಟು, ಲಿಂಬೆಯಷ್ಟು. ಇದು ಕೀಲಾಯ್ಡ್. ಹತ್ತರಿಂದ ಮೂವತ್ತರ ಪ್ರಾಯದಲ್ಲಿ, ಕಪ್ಪು ಕಂದು ಮೈಬಣ್ಣದವರಲ್ಲಿ ಹೆಚ್ಚು, ಮನೆತನದಲ್ಲಿ ಬರುತ್ತದೆ. ಬರೀ ಕತ್ತರಿಸಿ ತೆಗೆಸಿದರೆ ಅರ್ಧದಷ್ಟು ಮಂದಿಗಾದರೂ ಮರಳಿ ಬರುತ್ತದೆ, ಮೊದಲಿಗಿಂತ ದೊಡ್ಡದಾಗಿ. ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದನ್ನು ಗಂಟಿನೊಳಗೆ ನಾಲ್ಕು ವಾರಕ್ಕೊಮ್ಮೆ ಕೊಟ್ಟು, ಕತ್ತರಿಸಿದರೆ ಆ ಬಳಿಕ ಒತ್ತುವ ಕ್ಲಿಪ್ಪು ತಿಂಗಳುಗಟ್ಟಲೆ ಹಾಕಬೇಕು. ತಾಯಿಗೋ ಅಣ್ಣನಿಗೋ ಲಸಿಕೆಯ ಕಲೆ ಉಬ್ಬಿ ಬೆಳೆದಿದ್ದರೆ ಆ ಮನೆಯ ಮಕ್ಕಳು ಎರಡನೇ ತೂತಿನ, ಎದೆ ಭುಜದ ಹಚ್ಚೆಯ ಆಸೆಯನ್ನು ಬಿಡುವುದೇ ವಾಸಿ.

ನಲುವತ್ತು ವರ್ಷ ಓಲೆ ಹಾಕಿದವರಿಗೂ ಒಂದು ದಿನ ಕಿವಿ ತುರಿಸತೊಡಗಬಹುದು. ಹೆಚ್ಚಾಗಿ ನಿಕ್ಕೆಲ್. 916ರ ಚಿನ್ನದಲ್ಲಿ ಶೇ. 91.6 ಚಿನ್ನ, ಉಳಿದದ್ದು ಬಹುಪಾಲು ತಾಮ್ರ, ಬೆಳ್ಳಿ, ತೊಂದರೆ ಕಡಿಮೆ. ಒಂದು ಗ್ರಾಂ ಚಿನ್ನದ ಒಡವೆ ಎಂದು ಮಾರುವುದರ ಮೇಲ್ಪದರ ಸವೆದಾಗ ಒಳಗಿನ ಲೋಹ ಚರ್ಮಕ್ಕೆ ತಾಗುತ್ತದೆ, ಬೆವರಿನಲ್ಲಿ ನಿಕ್ಕೆಲ್ ಕರಗುತ್ತದೆ. ಒಮ್ಮೆ ಹತ್ತಿದ ಈ ಅಲರ್ಜಿ ಹೋಗುವುದಿಲ್ಲ, ಆಮೇಲೆ ವಾಚಿನ ಬಕಲು, ಪ್ಯಾಂಟಿನ ಗುಂಡಿಯೂ ತುರಿಸುತ್ತದೆ.

ಕೊನೆಗೆ ಆಸ್ಪತ್ರೆಯ ಮಾತು, ಏಕೆಂದರೆ ಪ್ರಾಯವಾದ ಮೇಲೆ ಅಲ್ಲಿಗೆ ಹೋಗುವುದು ಇದ್ದದ್ದೇ. ಗ್ರಂಥಿಗೆ ಸೇರಿದ ಶಾಯಿ ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯಲ್ಲಿ ಕಪ್ಪು ಗ್ರಂಥಿಯಾಗಿ ಕಂಡು ಗೊಂದಲ ಮಾಡಿದ್ದುಂಟು. ಆ ಬದಿಯ ಕೈಯಲ್ಲಿ ಹಚ್ಚೆ ಇದ್ದರೆ, ಲೇಸರಿನಲ್ಲಿ ತೆಗೆಸಿಹಾಕಿದ್ದರೂ, ವೈದ್ಯರಿಗೆ ಮೊದಲೇ ಹೇಳಿ. ಎಂಆರ್‌ಐಯಲ್ಲಿ ಕಬ್ಬಿಣದ ಅಂಶ ಇರುವ ಶಾಯಿ ಅಪರೂಪಕ್ಕೆ ಬಿಸಿಯಾಗಿ ಉರಿಯುತ್ತದೆ, ಉರಿದರೆ ಸುಮ್ಮನೆ ಸಹಿಸಬೇಡಿ, ಕೈಯಲ್ಲಿ ಕೊಟ್ಟ ಗುಂಡಿ ಒತ್ತಿ. ಸೊಂಟದ ನಡುಭಾಗದಲ್ಲಿ ಹಚ್ಚೆ ಇದ್ದರೆ ಬೆನ್ನಿಗೆ ಮರಗಟ್ಟುವ ಸೂಜಿ ಹಾಕುವವರು ಶಾಯಿ ಇಲ್ಲದ ಚರ್ಮ ಹುಡುಕುತ್ತಾರೆ, ಹೆರಿಗೆ ಆಗಬೇಕಾದವರು ಅಲ್ಲಿ ಒಂದು ಖಾಲಿ ಜಾಗ ಬಿಡಿಸಿಕೊಳ್ಳಿ.

ಮೂಗಿನ ಬೊಟ್ಟಿನದ್ದು ಬೇರೆಯೇ ಪಾಡು. ಮದುವೆಯ ದಿನ ಹಾಕಿದ ಮೂಗುತಿಯನ್ನು ನಲುವತ್ತು ವರ್ಷ ತೆಗೆಯದವರಿದ್ದಾರೆ. ತಿರುಪು ಒಳಗಿನ ಚರ್ಮದಲ್ಲಿ ಹೂತು, ಮೇಲೆ ಮಾಂಸ ಬೆಳೆದಿರುತ್ತದೆ. ಶಸ್ತ್ರಕ್ರಿಯೆಯ ಬೆಳಿಗ್ಗೆ ಲೋಹ ತೆಗೆಯಬೇಕು ಎಂದಾಗ ತುಂಡು ಮಾಡಲು ಇಕ್ಕಳ ಹುಡುಕುವ ಪರಿಸ್ಥಿತಿ. ಸವೆದ ತಿರುಪು ನಿದ್ದೆಯಲ್ಲಿ ಬಿಚ್ಚಿ ಶ್ವಾಸನಾಳಕ್ಕೆ ಇಳಿದ ಪ್ರಕರಣಗಳೂ ನಮ್ಮ ದೇಶದಲ್ಲಿ ದಾಖಲಾಗಿವೆ. ಕಾರಣವಿಲ್ಲದ ಕೆಮ್ಮು ತಿಂಗಳು ಕಳೆದರೂ ನಿಲ್ಲದಿದ್ದು, ಮೂಗುತಿಯ ತಿರುಪು ಕಾಣೆಯಾಗಿದ್ದರೆ ಎದೆಯ ಎಕ್ಸ್‌ರೇ ತೆಗೆಸಿ. ತಿಂಗಳಿಗೊಮ್ಮೆ ಸಾಬೂನು ನೀರು ಬಿಟ್ಟು ತಿರುಪನ್ನು ಒಂದು ಸುತ್ತು ಸಡಿಲಿಸಿ ಮತ್ತೆ ಬಿಗಿಮಾಡುವ ಅಭ್ಯಾಸ ಇಟ್ಟುಕೊಳ್ಳಿ. ಎಷ್ಟೋ ಕಾಲದಿಂದ ತೆಗೆಯದವರು ಬಲವಂತ ಮಾಡಬೇಡಿ. ಮೂರು ನಾಲ್ಕು ದಿನ ರಾತ್ರಿ ಒಂದೊಂದು ಹನಿ ತೆಂಗಿನೆಣ್ಣೆ ಬಿಟ್ಟು ಆಚಾರಿಯಿಂದ ಬಿಚ್ಚಿಸಿ; ಮಾಂಸ ಬೆಳೆದು ತಿರುಪೇ ಕಾಣದಿದ್ದರೆ ಕಿವಿ ಮೂಗಿನ ವೈದ್ಯರಲ್ಲಿಗೇ ಹೋಗಿ. ಹೊಸದಾಗಿ ಹಾಕುವಾಗ ತಿರುಪಿನ ಬದಲು ಬಾಗಿದ ಕೊಕ್ಕೆಯದ್ದನ್ನು ಕೇಳಿ. ಅದು ಬಿಚ್ಚಲು ಸುಲಭ, ಒಳಗೆ ಕಳಚಿ ಬೀಳುವ ತುಂಡು ಅದರಲ್ಲಿ ಇಲ್ಲ.